ಟು-ಸ್ಟ್ರೋಕ್ ಎಂಜಿನ್ನಿನ ಗಾಳಿಯ ಬಾಗಿಲು: ತೆರೆಯುವುದಕ್ಕಿಂತ ಮುಚ್ಚುವುದೇ ಏಕೆ ಕಷ್ಟ

ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನಿನ ಮೇಲೆ ನಡೆಯುವ ದಹನದ ಬಗ್ಗೆ ಮಾತನಾಡುವವರು ಬಹಳ ಮಂದಿ. ಅದರ ಕೆಳಗೆ ನಡೆಯುವ ಕೆಲಸದ ಬಗ್ಗೆ ಮಾತನಾಡುವವರು ಕಡಿಮೆ. ಆದರೆ ಸಿಲಿಂಡರಿಗೆ ಎಷ್ಟು ಗಾಳಿ ಸೇರಬೇಕೆಂಬುದು ಬಹುಮಟ್ಟಿಗೆ ನಿರ್ಧಾರವಾಗುವುದು ಕೆಳಗೇ. ಪಿಸ್ಟನ್ ಮೇಲಕ್ಕೆ ಹೋದಾಗ ಅದರ ಅಡಿಯಲ್ಲಿರುವ, ಕ್ರ್ಯಾಂಕ್ ಎಂಬ ತಿರುಗುವ ದಂಡವನ್ನು ಒಳಗೊಂಡ ಕ್ರ್ಯಾಂಕ್‌ಕೇಸಿನ ಒಳಜಾಗ ಹಿಗ್ಗಿ, ಒತ್ತಡ ಇಳಿದು, ಹೊರಗಿನ ಗಾಳಿ ಒಳಕ್ಕೆ ನುಗ್ಗುತ್ತದೆ. ಪಿಸ್ಟನ್ ಕೆಳಕ್ಕೆ ಬಂದಾಗ ಅದೇ ಗಾಳಿ ಅದುಮಿಸಿಕೊಂಡು, ಸಿಲಿಂಡರಿನ ಗೋಡೆಯಲ್ಲಿ ಕೊರೆದ ದಾರಿಗಳಾದ ಟ್ರಾನ್ಸ್‌ಫರ್ ಪೋರ್ಟುಗಳ ಮೂಲಕ ಸಿಲಿಂಡರಿಗೆ ಏರುತ್ತದೆ. ಅಂದರೆ ಕ್ರ್ಯಾಂಕ್‌ಕೇಸ್ ಒಂದು ಪಂಪು, ಅದೂ ಅಷ್ಟೇನೂ ಬಲವಿಲ್ಲದ ಪಂಪು. ಅದರ ಸಂಕೋಚನ ಅನುಪಾತ (ಒಳಜಾಗ ಪೂರ್ತಿ ಹಿಗ್ಗಿದಾಗಿನ ಗಾತ್ರಕ್ಕೂ ಪೂರ್ತಿ ಕುಗ್ಗಿದಾಗಿನ ಗಾತ್ರಕ್ಕೂ ಇರುವ ಅನುಪಾತ) ಸಾಮಾನ್ಯವಾಗಿ 1.3ರಿಂದ 1.5ರ ಆಸುಪಾಸಿನಲ್ಲಿ ಇರುತ್ತದೆ. ಇಷ್ಟು ದುರ್ಬಲವಾದ ಪಂಪಿನ ಒಳಬಾಗಿಲು ಸ್ವಲ್ಪ ತಡವಾಗಿ ಮುಚ್ಚಿದರೂ ಒಳಗೆಳೆದುಕೊಂಡ ಗಾಳಿಯ ಒಂದು ಪಾಲು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಆ ಬಾಗಿಲನ್ನು ಸುಧಾರಿಸುವ ಪ್ರಯತ್ನಗಳೆಲ್ಲವೂ ಕೊನೆಗೆ ಬಂದು ನಿಲ್ಲುವುದು ಈ ಒಂದು ತೊಡಕಿನ ಮುಂದೆ.

ಸಮಯ ಎಷ್ಟು ಕಡಿಮೆ ಎಂಬುದನ್ನು ಮೊದಲು ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ನಿಮಿಷಕ್ಕೆ 8000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ಸಿಗುವುದು 7.5 ಮಿಲಿಸೆಕೆಂಡು ಮಾತ್ರ, ಮತ್ತು ಟು-ಸ್ಟ್ರೋಕಿನಲ್ಲಿ ಪ್ರತಿ ಸುತ್ತಿಗೂ ಒಮ್ಮೆ ಗಾಳಿ ಒಳಬರಬೇಕು. ಒಂದು ಮಿಲಿಸೆಕೆಂಡಿನಲ್ಲಿ ಕ್ರ್ಯಾಂಕ್ 48 ಡಿಗ್ರಿ ತಿರುಗಿಬಿಟ್ಟಿರುತ್ತದೆ. ಈ ಬಾಗಿಲಾದ ವಾಲ್ವ್ ಮುಚ್ಚುವುದು ಅರ್ಧ ಮಿಲಿಸೆಕೆಂಡು ತಡವಾದರೆ 24 ಡಿಗ್ರಿ ಕಳೆದುಹೋಯಿತೆಂದೇ ಅರ್ಥ.

ಅತ್ಯಂತ ಸರಳವಾದ ಏರ್ಪಾಡಿನಲ್ಲಿ ವಾಲ್ವ್ ಎಂಬ ಪ್ರತ್ಯೇಕ ಭಾಗವೇ ಇರುವುದಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಒಂದು ಪೋರ್ಟು ಇರುತ್ತದೆ. ಪಿಸ್ಟನ್ ಮೇಲೇರಿದಾಗ ಅದರ ಸ್ಕರ್ಟಿನ, ಅಂದರೆ ಕೆಳಭಾಗದ ಗೋಡೆಯ, ಕೆಳ ಅಂಚು ಆ ಪೋರ್ಟನ್ನು ತೆರೆಯುತ್ತದೆ, ಇಳಿಯುವಾಗ ಮುಚ್ಚುತ್ತದೆ. 1890ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಜೋಸೆಫ್ ಡೇ ಕ್ರ್ಯಾಂಕ್‌ಕೇಸನ್ನೇ ಪಂಪಾಗಿ ಬಳಸುವ ಎಂಜಿನ್ನನ್ನು ರೂಪಿಸಿದಾಗ ಒಳಬರುವ ದಾರಿಯಲ್ಲಿ ಏಕಮುಖವಾಗಿ ತೆರೆದುಕೊಳ್ಳುವ ವಾಲ್ವ್ ಇತ್ತು. ಅವನ ಬಳಿ ಕೆಲಸ ಮಾಡುತ್ತಿದ್ದ ಫ್ರೆಡರಿಕ್ ಕಾಕ್ ಆ ಕೆಲಸವನ್ನು ಪಿಸ್ಟನ್ನಿನ ಸ್ಕರ್ಟಿಗೇ ವಹಿಸಿ, ವಾಲ್ವನ್ನು ಪೂರ್ತಿ ತೆಗೆದುಹಾಕಿದ. ಚಲಿಸುವ ಭಾಗಗಳು ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್ ಮೂರೇ ಉಳಿದವು. ಈ ಸರಳತೆಯೇ ಟು-ಸ್ಟ್ರೋಕ್ ಎಂಜಿನ್ನನ್ನು ಮರ ಕೊಯ್ಯುವ ಗರಗಸದಿಂದ ಮೋಟಾರ್ ಸೈಕಲ್ಲಿನವರೆಗೆ ಎಲ್ಲ ಕಡೆಗೂ ಒಯ್ದಿತು.

ಆದರೆ ಆ ಸರಳತೆಗೆ ಒಂದು ದಂಡವಿದೆ. ಸ್ಕರ್ಟಿನ ಅಂಚು ಪೋರ್ಟನ್ನು ಏರುವಾಗ ಯಾವ ಎತ್ತರದಲ್ಲಿ ತೆರೆಯುತ್ತದೆಯೋ ಇಳಿಯುವಾಗಲೂ ಅದೇ ಎತ್ತರದಲ್ಲಿ ಮುಚ್ಚಲೇಬೇಕು. ಪಿಸ್ಟನ್ ಮೇಲಿನ ತುದಿ ಮುಟ್ಟುವ 75 ಡಿಗ್ರಿ ಮೊದಲು ತೆರೆದರೆ, ಮುಟ್ಟಿದ 75 ಡಿಗ್ರಿಗಳ ನಂತರವೇ ಮುಚ್ಚುವುದು, ಬೇರೆ ದಾರಿಯಿಲ್ಲ. ಮೇಲಿನ ತುದಿಯ ನಂತರದ ಆ 75 ಡಿಗ್ರಿಗಳಲ್ಲಿ ಪಿಸ್ಟನ್ ಆಗಲೇ ಕೆಳಗಿಳಿಯುತ್ತ ಕ್ರ್ಯಾಂಕ್‌ಕೇಸನ್ನು ಅದುಮಲು ಶುರುಮಾಡಿರುತ್ತದೆ. ಎಂಜಿನ್ 9000 ಸುತ್ತಿನಲ್ಲಿದ್ದಾಗ ಈ ಅವಧಿ ಸುಮಾರು 1.4 ಮಿಲಿಸೆಕೆಂಡು ಮಾತ್ರವಾದ್ದರಿಂದ, ವೇಗವಾಗಿ ನುಗ್ಗಿ ಬರುತ್ತಿರುವ ಗಾಳಿಯ ಕಂಬ ತನ್ನ ಓಟದ ಬಲದಿಂದಲೇ ಎದುರಿನ ಒತ್ತಡವನ್ನು ಮೀರಿ ಒಳಸೇರುತ್ತಲೇ ಇರುತ್ತದೆ. ಅದೇ ಎಂಜಿನ್ 3000 ಸುತ್ತಿಗೆ ಇಳಿದಾಗ ಅವಧಿ 4 ಮಿಲಿಸೆಕೆಂಡಿಗೂ ಮೇಲಾಗುತ್ತದೆ, ಗಾಳಿಯ ಓಟವೂ ಕುಗ್ಗಿರುತ್ತದೆ. ಆಗ ಒಳಬಂದದ್ದರಲ್ಲಿ ಒಂದಷ್ಟು ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನತ್ತ ವಾಪಸು ಉಗುಳಿಹೋಗುತ್ತದೆ.

ಈ ಉಗುಳುವಿಕೆಯಿಂದ ಆಗುವ ನಷ್ಟ ಗಾಳಿಯದಷ್ಟೇ ಅಲ್ಲ. ಕಾರ್ಬ್ಯುರೇಟರಿಗೆ ಗಾಳಿ ಯಾವ ದಿಕ್ಕಿನಿಂದ ಹೋಗುತ್ತಿದೆ ಎಂಬ ವಿವೇಚನೆ ಇರುವುದಿಲ್ಲ. ಒಳಹೋಗುವಾಗ ಒಮ್ಮೆ ಪೆಟ್ರೋಲ್ ಹೀರಿಕೊಂಡ ಗಾಳಿ ಹಿಂದಿರುಗುವಾಗ ಇನ್ನೊಮ್ಮೆ ಹೀರಿಕೊಳ್ಳುತ್ತದೆ, ಮತ್ತೆ ಒಳಹೋಗುವಾಗ ಮೂರನೆಯ ಬಾರಿ. ಕಡಿಮೆ ವೇಗದಲ್ಲಿ ಎಂಜಿನ್ ಮುಗ್ಗರಿಸುವುದಕ್ಕೆ, ಏರ್ ಫಿಲ್ಟರ್ ಪೆಟ್ರೋಲ್ ಮತ್ತು ಆಯಿಲ್‌ನಿಂದ ತೊಯ್ದು ನಿಲ್ಲುವುದಕ್ಕೆ ಹಲವು ಸಲ ಇದೇ ಕಾರಣ. ಪೋರ್ಟನ್ನು ದೊಡ್ಡದು ಮಾಡಿದರೆ ಅಥವಾ ಸ್ಕರ್ಟನ್ನು ಕೆಲವು ಮಿಲಿಮೀಟರ್ ಕತ್ತರಿಸಿದರೆ ಮೇಲಿನ ವೇಗದಲ್ಲಿ ಶಕ್ತಿ ಹೆಚ್ಚುವುದು ನಿಜ. ಆದರೆ ಬೇಗ ತೆರೆದಷ್ಟೂ ತಡವಾಗಿ ಮುಚ್ಚುವ ಕಟ್ಟುಪಾಡಿನಿಂದಾಗಿ ಕೆಳಗಿನ ವೇಗದ ಎಳೆತ ಅಷ್ಟೇ ಪ್ರಮಾಣದಲ್ಲಿ ಹಾಳಾಗುತ್ತದೆ.

ಈ ಕಟ್ಟುಪಾಡನ್ನು ಮುರಿದದ್ದು ತಿರುಗುವ ಡಿಸ್ಕ್ ವಾಲ್ವ್. ಕ್ರ್ಯಾಂಕಿನ ತುದಿಗೆ ತೆಳುವಾದ ಉಕ್ಕಿನ ತಟ್ಟೆಯೊಂದನ್ನು ಸಿಕ್ಕಿಸಿ, ಅದರ ಅಂಚಿನಲ್ಲಿ ಬೇಕಾದಷ್ಟು ಅಗಲಕ್ಕೆ ಒಂದು ಭಾಗವನ್ನು ಕತ್ತರಿಸಿ ತೆಗೆಯಲಾಗುತ್ತದೆ. ತಟ್ಟೆ ಕ್ರ್ಯಾಂಕಿನೊಂದಿಗೆ ತಿರುಗುವಾಗ ಕತ್ತರಿಸಿದ ಭಾಗ ಪೋರ್ಟಿನ ಎದುರು ಬಂದಷ್ಟು ಹೊತ್ತು ದಾರಿ ತೆರೆದಿರುತ್ತದೆ. ಎಲ್ಲಿ ತೆರೆಯಬೇಕು, ಎಲ್ಲಿ ಮುಚ್ಚಬೇಕು ಎಂಬುದನ್ನು ಈಗ ಬೇರೆ ಬೇರೆಯಾಗಿ ನಿರ್ಧರಿಸಬಹುದು. ಉದಾಹರಣೆಗೆ ಮೇಲಿನ ತುದಿಗಿಂತ 140 ಡಿಗ್ರಿ ಮೊದಲು ತೆರೆದು 65 ಡಿಗ್ರಿ ನಂತರ ಮುಚ್ಚಿದರೆ ಒಟ್ಟು 205 ಡಿಗ್ರಿಗಳ ಅವಧಿ ಸಿಗುತ್ತದೆ. ಇಷ್ಟೇ ಅವಧಿಯನ್ನು ಪಿಸ್ಟನ್ನಿನ ಸ್ಕರ್ಟಿನಿಂದ ಪಡೆಯಬೇಕೆಂದರೆ ಮುಚ್ಚುವುದು 102 ಡಿಗ್ರಿ ದಾಟಿದ ಮೇಲೆ. ಅಂಥ ಎಂಜಿನ್ ಕೆಳಗಿನ ವೇಗದಲ್ಲಿ ನೆಟ್ಟಗೆ ಓಡುವುದೇ ಇಲ್ಲ.

ಪೂರ್ವ ಜರ್ಮನಿಯ ಡೇನಿಯಲ್ ಝಿಮ್ಮರ್‌ಮನ್ ತನ್ನ ರೇಸಿಂಗ್ ಎಂಜಿನ್ನಿನಲ್ಲಿ ಅಳವಡಿಸಿದ್ದ ಈ ವಾಲ್ವನ್ನು ಎಂ.ಝಡ್. ಮೋಟಾರ್ ಸೈಕಲ್ ಕಾರ್ಖಾನೆಯ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ಕೈಗೆತ್ತಿಕೊಂಡರು. ಡಿಸ್ಕ್ ವಾಲ್ವಿನ ಜೊತೆಗೆ ಎಕ್ಸ್‌ಪಾನ್ಷನ್ ಚೇಂಬರ್ ಎಂಬ ಹೊಟ್ಟೆಯುಬ್ಬಿದ ಎಕ್ಸಾಸ್ಟ್ ಕೊಳವೆಯನ್ನೂ ಅವರು ಬೆಳೆಸಿದ್ದರಿಂದ, 1961ರ ಹೊತ್ತಿಗೆ ಅವರ 125 ಸಿಸಿ ಎಂಜಿನ್ 25 ಅಶ್ವಶಕ್ತಿಯನ್ನು, ಅಂದರೆ ಲೀಟರಿಗೆ 200ರ ಲೆಕ್ಕದಲ್ಲಿ, ಕೊಡುವ ಮಟ್ಟಕ್ಕೆ ಬಂದಿತ್ತು. ಅದೇ ವರ್ಷ ಆ ತಂಡದ ಸವಾರ ಅರ್ನ್‌ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಪಲಾಯನ ಮಾಡಿ ಸುಝುಕಿ ಸೇರಿದ. ಮರುವರ್ಷವೇ ಆ ಕಂಪನಿಗೆ 50 ಸಿಸಿ ವಿಶ್ವ ಚಾಂಪಿಯನ್ ಪಟ್ಟ ದೊರೆಯಿತು. ತಂತ್ರಜ್ಞಾನ ಗಡಿ ದಾಟುವುದಕ್ಕೆ ಇಷ್ಟು ನೇರವಾದ ಉದಾಹರಣೆ ಮತ್ತೊಂದು ಸಿಗುವುದು ಕಷ್ಟ. ವೆಸ್ಪಾ ಸ್ಕೂಟರಿನಲ್ಲಿ ಇದೇ ತತ್ವ ಇನ್ನೂ ಮಿತವ್ಯಯದ ರೂಪದಲ್ಲಿ ಬಂತು: ಬೇರೆ ತಟ್ಟೆಯ ಬದಲು ಕ್ರ್ಯಾಂಕಿನ ಒಂದು ಬದಿಯ ಚಕ್ರವೇ ಪೋರ್ಟನ್ನು ಮುಚ್ಚಿ ತೆರೆಯುತ್ತದೆ. ಅಲ್ಲಿ ಕ್ರ್ಯಾಂಕಿಗೂ ಕ್ರ್ಯಾಂಕ್‌ಕೇಸಿನ ಮುಖಕ್ಕೂ ನಡುವಿನ ಅಂತರ ಕೂದಲೆಳೆಯಷ್ಟು ಮಾತ್ರ ಇರುವುದರಿಂದ, ಒಂದು ಕಲ್ಲಿನ ಚೂರು ಒಳಸೇರಿ ಆ ಮುಖವನ್ನು ಗೀರಿದರೂ ವಾಲ್ವ್ ಸೋರತೊಡಗುತ್ತದೆ.

ಡಿಸ್ಕ್ ವಾಲ್ವಿನ ಕೊರತೆಗಳು ಎರಡು. ಕಾರ್ಬ್ಯುರೇಟರ್ ಎಂಜಿನ್ನಿನ ಪಕ್ಕಕ್ಕೆ ಚಾಚಿಕೊಳ್ಳುವುದರಿಂದ ಎಂಜಿನ್ ಅಗಲವಾಗುತ್ತದೆ ಮತ್ತು ಎರಡಕ್ಕಿಂತ ಹೆಚ್ಚು ಸಿಲಿಂಡರುಗಳನ್ನು ಒಂದೇ ಸಾಲಿನಲ್ಲಿ ಜೋಡಿಸುವುದು ಕಷ್ಟ. ಅದಕ್ಕಿಂತ ಮುಖ್ಯವಾದದ್ದು, ತಟ್ಟೆಯನ್ನು ಕತ್ತರಿಸಿದ ಮೇಲೆ ಮುಚ್ಚುವ ಸಮಯ ಸ್ಥಿರವಾಗಿಬಿಡುತ್ತದೆ. 12,000 ಸುತ್ತಿಗೆ ಸರಿಹೊಂದುವ ಕೋನ 4000 ಸುತ್ತಿಗೆ ಸರಿಹೊಂದದು. ಒಂದೇ ವೇಗದ ಸುತ್ತಮುತ್ತ ಓಡುವ ರೇಸಿಂಗ್ ಎಂಜಿನ್ನಿಗೆ ಇದು ದೋಷವೇ ಅಲ್ಲ. 125 ಸಿಸಿ ಗ್ರ್ಯಾಂಡ್ ಪ್ರಿಕ್ಸ್ ವರ್ಗ 2011ರಲ್ಲಿ ಮುಕ್ತಾಯವಾಗುವವರೆಗೂ ಎಪ್ರಿಲಿಯಾದ ಡಿಸ್ಕ್ ವಾಲ್ವ್ ಎಂಜಿನ್ನುಗಳು 50 ಅಶ್ವಶಕ್ತಿಗೂ ಮೀರಿದ ಬಲದೊಂದಿಗೆ ಮುಂಚೂಣಿಯಲ್ಲಿದ್ದವು. ದಿನನಿತ್ಯ ಓಡಾಡುವ ಎಂಜಿನ್ನಿನ ಬೇಡಿಕೆ ಬೇರೆ: ಅದಕ್ಕೆ ಬೇಕಾದುದು ವೇಗಕ್ಕೆ ತಕ್ಕಂತೆ ತಾನೇ ಸಮಯವನ್ನು ಬದಲಿಸಿಕೊಳ್ಳುವ ಬಾಗಿಲು.

ರೀಡ್ ವಾಲ್ವ್ ಅಂಥದ್ದು. ಒಂದು ರೀತಿಯಲ್ಲಿ ಜೋಸೆಫ್ ಡೇ ಬಳಸಿದ್ದ ಏಕಮುಖ ವಾಲ್ವಿಗೇ ಎಂಜಿನ್ ಹಿಂದಿರುಗಿತೆನ್ನಬಹುದು. ಬೆಣೆಯಾಕಾರದ ಅಲ್ಯೂಮಿನಿಯಂ ಬ್ಲಾಕಿನ ಎರಡು ಇಳಿಜಾರುಗಳಲ್ಲಿ ಕಿಟಕಿಗಳಿದ್ದು, ಅವುಗಳ ಮೇಲೆ ತೆಳುವಾದ ಪಟ್ಟಿಗಳು ಮಲಗಿರುತ್ತವೆ. ಪಟ್ಟಿಯ ಒಂದು ತುದಿಯನ್ನು ಸ್ಕ್ರೂಗಳಿಂದ ಬಿಗಿದಿದ್ದು, ಇನ್ನೊಂದು ತುದಿ ಸ್ವತಂತ್ರವಾಗಿರುತ್ತದೆ. ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಇಳಿದರೆ ಪಟ್ಟಿ ಬಾಗಿ ದಾರಿ ಬಿಡುತ್ತದೆ, ಒತ್ತಡ ಏರಿದರೆ ತನ್ನ ಜಾಗಕ್ಕೆ ಮರಳಿ ಮುಚ್ಚಿಕೊಳ್ಳುತ್ತದೆ. ದೋಣಿಗಳ ಔಟ್‌ಬೋರ್ಡ್ ಎಂಜಿನ್ನುಗಳಲ್ಲಿ ಆಗಲೇ ಬಳಕೆಯಲ್ಲಿದ್ದ ಇದನ್ನು 1970ರ ದಶಕದ ಆರಂಭದಲ್ಲಿ ಯಮಹಾ ತನ್ನ ಮೋಟಾರ್ ಸೈಕಲ್ಲುಗಳಿಗೆ ತಂದಿತು. ಆರ್‌ಡಿ 350ಯಲ್ಲಿ ಪಿಸ್ಟನ್ನಿನ ಹಿಂಬದಿಯ ಸ್ಕರ್ಟಿನಲ್ಲಿ ಕಿಟಕಿಗಳನ್ನೂ ಕೊರೆಯಲಾಗಿತ್ತು. ಸ್ಕರ್ಟ್ ಅಡ್ಡ ಬಂದಾಗಲೂ ಗಾಳಿಗೆ ದಾರಿ ಇರಲೆಂಬುದು ಉದ್ದೇಶ.

ಇಲ್ಲಿಂದ ಮುಂದೆ ವಿನ್ಯಾಸದ ಪ್ರಶ್ನೆ ಪೂರ್ತಿಯಾಗಿ ಆ ಪಟ್ಟಿಯ ಮೇಲೆಯೇ ನಿಲ್ಲುತ್ತದೆ. ಹಾರ್ಮೋನಿಯಂ ಬಿಚ್ಚಿ ನೋಡಿದವರಿಗೆ ಇದರ ಸ್ವಭಾವ ಗೊತ್ತಿರುತ್ತದೆ: ಅಲ್ಲಿಯೂ ಒಂದು ತುದಿ ಬಿಗಿದ ಹಿತ್ತಾಳೆಯ ರೀಡ್ ಗಾಳಿಯ ಒತ್ತಡಕ್ಕೆ ಕಂಪಿಸುತ್ತದೆ, ಮತ್ತು ಅದರ ಸ್ವರ ನಿರ್ಧಾರವಾಗುವುದು ಉದ್ದ, ದಪ್ಪ ಹಾಗೂ ಲೋಹದಿಂದ. ಶ್ರುತಿ ಮಾಡುವವರು ರೀಡಿನ ತುದಿಯನ್ನು ಅರದಿಂದ ಉಜ್ಜಿ ಹಗುರ ಮಾಡಿದರೆ ಸ್ವರ ಏರುತ್ತದೆ, ಬುಡವನ್ನು ಉಜ್ಜಿದರೆ ಇಳಿಯುತ್ತದೆ. ಎಂಜಿನ್ನಿನ ರೀಡಿಗೂ ಹೀಗೆಯೇ ಒಂದು ಸಹಜ ಕಂಪನಾಂಕವಿದ್ದು, ಅದು ದಪ್ಪಕ್ಕೆ ನೇರ ಅನುಪಾತದಲ್ಲಿಯೂ ಉದ್ದದ ವರ್ಗಕ್ಕೆ ವಿಲೋಮ ಅನುಪಾತದಲ್ಲಿಯೂ ಬದಲಾಗುತ್ತದೆ.

35 ಮಿಲಿಮೀಟರ್ ಉದ್ದ, 0.2 ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅದರ ಸಹಜ ಕಂಪನಾಂಕ ಸೆಕೆಂಡಿಗೆ ಸುಮಾರು 133 ಬರುತ್ತದೆ. 8000 ಸುತ್ತಿನಲ್ಲಿ ಎಂಜಿನ್ ಉಸಿರೆಳೆಯುವುದೂ ಸೆಕೆಂಡಿಗೆ 133 ಬಾರಿಯೇ. ಪೂರ್ತಿ ಬಾಗಿದ ಈ ಪಟ್ಟಿ ಬರಿಯ ತನ್ನ ಸ್ಪ್ರಿಂಗ್ ಬಲದಿಂದ ಸ್ವಸ್ಥಾನಕ್ಕೆ ಮರಳಲು ಕಂಪನದ ಕಾಲು ಭಾಗ, ಅಂದರೆ ಸುಮಾರು 1.9 ಮಿಲಿಸೆಕೆಂಡು, ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಕ್ರ್ಯಾಂಕ್ 90 ಡಿಗ್ರಿ ತಿರುಗಿರುತ್ತದೆ. ಕ್ರ್ಯಾಂಕ್‌ಕೇಸಿನ ಒತ್ತಡವೂ ಮುಚ್ಚಲು ನೆರವಾಗುವುದರಿಂದ ವಾಸ್ತವದಲ್ಲಿ ಇಷ್ಟು ತಡವಾಗುವುದಿಲ್ಲ, ಆದರೆ ಪಟ್ಟಿಯ ಮಿತಿ ಎಲ್ಲಿದೆ ಎಂಬುದನ್ನು ಈ ಅಂಕಿ ತೋರಿಸುತ್ತದೆ. ಎಂಜಿನ್ನಿನ ವೇಗ ಪಟ್ಟಿಯ ಕಂಪನಾಂಕವನ್ನು ಬಹಳ ಮೀರಿತೆಂದರೆ ಪಟ್ಟಿ ಒತ್ತಡದ ಏರಿಳಿತವನ್ನು ಹಿಂಬಾಲಿಸಲಾರದೆ ಪಟಪಟನೆ ಬಡಿದುಕೊಳ್ಳತೊಡಗುತ್ತದೆ, ಮುಚ್ಚಬೇಕಾದಾಗ ಅರ್ಧ ತೆರೆದಿರುತ್ತದೆ. ಮೇಲಿನ ವೇಗದಲ್ಲಿ ಶಕ್ತಿ ಇದ್ದಕ್ಕಿದ್ದಂತೆ ಕುಸಿಯುವ ಎಂಜಿನ್ನಿನಲ್ಲಿ ಮೊದಲು ಅನುಮಾನಿಸಬೇಕಾದ ಭಾಗಗಳಲ್ಲಿ ಇದೂ ಒಂದು.

ಪಟ್ಟಿಯನ್ನು ದಪ್ಪ ಮಾಡಿದರೆ ಆಯಿತಲ್ಲ ಎನ್ನಿಸಬಹುದು. ಆದರೆ ಕಂಪನಾಂಕ ದಪ್ಪಕ್ಕೆ ಅನುಗುಣವಾಗಿ ಏರಿದರೆ, ಬಿಗುಪು (ಬಾಗುವುದಕ್ಕೆ ಒಡ್ಡುವ ಪ್ರತಿರೋಧ) ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ಗಾಜಿನ ನಾರಿನ ಪಟ್ಟಿಯನ್ನು 0.4ರಿಂದ 0.5 ಮಿಲಿಮೀಟರಿಗೆ ಏರಿಸಿದಾಗ ಕಂಪನಾಂಕದಲ್ಲಿ ಸಿಗುವ ಲಾಭ ಶೇಕಡ 25, ಬಿಗುಪು ಮಾತ್ರ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಇದರ ಪರಿಣಾಮವನ್ನು ಕಾಗದದ ಮೇಲೆ ನೋಡಬಹುದು: 35 ಮಿಲಿಮೀಟರ್ ಉದ್ದದ, 0.4 ಮಿಲಿಮೀಟರ್ ದಪ್ಪದ ಪಟ್ಟಿಯ ತುದಿಯನ್ನು 8 ಮಿಲಿಮೀಟರ್ ಎತ್ತಲು ವಾಯುಮಂಡಲದ ಒತ್ತಡದ ಸುಮಾರು ಇಪ್ಪತ್ತನೇ ಒಂದು ಭಾಗ ಸಾಕು, 0.5 ಮಿಲಿಮೀಟರ್ ದಪ್ಪದ ಪಟ್ಟಿ ಅಷ್ಟೇ ಒತ್ತಡಕ್ಕೆ ಏಳುವುದು 4 ಮಿಲಿಮೀಟರ್ ಮಾತ್ರ. ಕಡಿಮೆ ವೇಗದಲ್ಲಿ, ಥ್ರಾಟಲ್ ಸ್ವಲ್ಪವೇ ತೆರೆದಿರುವಾಗ, ಗಾಳಿಯ ಹರಿವು ತೀರ ಕ್ಷೀಣವಾಗಿರುತ್ತದೆ. ಬಿಗಿಯಾದ ಪಟ್ಟಿ ಆಗ ಸರಿಯಾಗಿ ಏಳುವುದೇ ಇಲ್ಲ. ಮೃದುವಾದ ಪಟ್ಟಿ ಕೆಳಗೆ ಚೆನ್ನಾಗಿ ಎಳೆದು ಮೇಲೆ ಸೋಲುತ್ತದೆ, ಬಿಗಿಯಾದದ್ದು ಮೇಲೆ ಗೆದ್ದು ಕೆಳಗೆ ಉಸಿರುಗಟ್ಟಿಸುತ್ತದೆ.

ಈ ಇಕ್ಕಟ್ಟಿನಿಂದ ಹೊರಬರಲು ಇರುವ ಒಂದು ದಾರಿ ವಸ್ತುವನ್ನೇ ಬದಲಿಸುವುದು. 0.2 ಮಿಲಿಮೀಟರಿನ ಉಕ್ಕಿನ ಪಟ್ಟಿಯೂ 0.4 ಮಿಲಿಮೀಟರಿನ ಗಾಜಿನ ನಾರಿನ ಪಟ್ಟಿಯೂ ಬಿಗುಪಿನಲ್ಲಿ ಹತ್ತಿರ ಹತ್ತಿರ ಇವೆ. ಆದರೆ ಎರಡನೆಯದರ ತೂಕ ಮೊದಲನೆಯದರ ಅರ್ಧಕ್ಕಿಂತಲೂ ಕಡಿಮೆ, ಹಾಗಾಗಿ ಅದರ ಕಂಪನಾಂಕ ಸೆಕೆಂಡಿಗೆ 170ರ ಆಸುಪಾಸಿಗೆ ಏರುತ್ತದೆ. ಇಂಗಾಲದ ನಾರಿನ ಪಟ್ಟಿ ಇನ್ನೂ ಹಗುರ, ಇನ್ನೂ ಗಡಸು. ಬೇಕಾದ ಬಿಗುಪಿಗೆ ಅದನ್ನು ಮತ್ತಷ್ಟು ತೆಳುವಾಗಿ ಮಾಡಬಹುದು. ಇನ್ನೊಂದು ಅನುಕೂಲ ಎಂಜಿನ್ನಿನ ಆಯುಷ್ಯಕ್ಕೆ ಸಂಬಂಧಿಸಿದ್ದು. 8000 ಸುತ್ತಿನಲ್ಲಿ ಪಟ್ಟಿ ಗಂಟೆಗೆ 4.8 ಲಕ್ಷ ಬಾರಿ ಬಾಗುತ್ತದೆ, ಒಂದಲ್ಲ ಒಂದು ದಿನ ಸವೆದು ಮುರಿಯುತ್ತದೆ. ಉಕ್ಕಿನ ಚೂರು ಕ್ರ್ಯಾಂಕ್‌ಕೇಸಿಗೆ ಬಿದ್ದರೆ ಬೇರಿಂಗ್, ಪಿಸ್ಟನ್, ಸಿಲಿಂಡರ್ ಮೂರಕ್ಕೂ ಅಪಾಯ. ನಾರಿನ ಪಟ್ಟಿ ಸಾಮಾನ್ಯವಾಗಿ ಮೊದಲು ಮೂಲೆಗಳಲ್ಲಿ ಸಿಬಿರೊಡೆದು ಸೂಚನೆ ಕೊಡುತ್ತದೆ. ಮುರಿದರೂ ಅದರ ಚೂರಿನಿಂದಾಗುವ ಹಾನಿ ಉಕ್ಕಿನದಕ್ಕಿಂತ ಬಹಳ ಕಡಿಮೆ.

ಎರಡನೆಯ ದಾರಿಯನ್ನು ಅಮೆರಿಕದ ಐವಿಂಡ್ ಬಾಯ್ಸನ್ 1970ರ ದಶಕದಲ್ಲಿ ಕಂಡುಕೊಂಡರು. ಕಿಟಕಿ ಕೊರೆದ ದಪ್ಪ ಪಟ್ಟಿಯೊಂದರ ಮೇಲೆ ತೆಳುವಾದ ಪಟ್ಟಿಯನ್ನು ಕೂರಿಸುವುದು ಅವರ ಉಪಾಯ. ಹರಿವು ಕಡಿಮೆಯಿದ್ದಾಗ ತೆಳುವಾದದ್ದು ಮಾತ್ರ ಏಳುತ್ತದೆ, ಹೆಚ್ಚಾದಾಗ ಎರಡೂ ಒಟ್ಟಿಗೆ ಬಾಗುತ್ತವೆ. ಒಂದೇ ಪಟ್ಟಿಗೆ ಮೃದುವೂ ಬಿಗಿಯೂ ಆಗಿರು ಎಂದು ಹೇಳುವ ಬದಲು ಕೆಲಸವನ್ನೇ ಇಬ್ಭಾಗ ಮಾಡಿದ ಈ ಪರಿಹಾರ, ರೀಡ್ ವಾಲ್ವಿನ ಸುಧಾರಣೆಗಳಲ್ಲೆಲ್ಲ ಹೆಚ್ಚು ಜಾಣತನದ್ದೆಂದು ನನ್ನ ಅಭಿಪ್ರಾಯ.

ಪಟ್ಟಿಯ ಸುತ್ತಲಿನ ಭಾಗಗಳೂ ಕಡೆಗಣಿಸುವಂಥವಲ್ಲ. ಪಟ್ಟಿ ಅತಿಯಾಗಿ ಬಾಗದಂತೆ ತಡೆಯುವ ಬಾಗಿದ ಲೋಹದ ಸ್ಟಾಪರ್, ಪಟ್ಟಿಯ ಬಾಗುವಿಕೆಯನ್ನು ಬುಡದಿಂದ ತುದಿಯವರೆಗೆ ಹಂಚುತ್ತದೆ. ಅದನ್ನು ತೆಗೆದುಹಾಕಿದರೆ ಹರಿವು ಹೆಚ್ಚುತ್ತದೆಂದು ನಂಬುವವರಿದ್ದಾರೆ, ಆದರೆ ಆಗ ಒತ್ತೆಲ್ಲವೂ ಬಿಗಿದ ಗೆರೆಯ ಮೇಲೆ ಬಿದ್ದು ಪಟ್ಟಿ ಬೇಗ ಮುರಿಯುತ್ತದೆ. ಕಿಟಕಿಯ ಅಂಚಿಗೆ ಹಚ್ಚಿರುವ ತೆಳುವಾದ ರಬ್ಬರ್ ಪದರ ಬಡಿತವನ್ನು ಹೀರಿಕೊಳ್ಳುವುದಲ್ಲದೆ ಸೋರಿಕೆಯನ್ನೂ ತಡೆಯುತ್ತದೆ. ಹರಿವಿನ ವಿಸ್ತೀರ್ಣದ ಲೆಕ್ಕವೂ ಮುಖ್ಯ. ತಲಾ 20 ಮಿಲಿಮೀಟರ್ ಅಗಲದ ನಾಲ್ಕು ಕಿಟಕಿಗಳ ಪಟ್ಟಿಗಳು 7 ಮಿಲಿಮೀಟರ್ ಎದ್ದರೆ ತುದಿಗಳಲ್ಲಿ ಸಿಗುವ ದಾರಿ 560 ಚದರ ಮಿಲಿಮೀಟರ್. 28 ಮಿಲಿಮೀಟರ್ ಕಾರ್ಬ್ಯುರೇಟರಿನ ಬಾಯಿ ಸುಮಾರು 615. ಬದಿಗಳಿಂದ ಹರಿಯುವುದನ್ನು ಸೇರಿಸಿದರೆ ಇವೆರಡೂ ಸರಿದೂಗುತ್ತವೆ. ಆದರೆ 32 ಮಿಲಿಮೀಟರಿನ ಕಾರ್ಬ್ಯುರೇಟರನ್ನು ತಂದು ಇದೇ ರೀಡ್ ಬ್ಲಾಕಿನ ಹಿಂದೆ ಕೂರಿಸಿದರೆ ಇಕ್ಕಟ್ಟು ಕಾರ್ಬ್ಯುರೇಟರಿನಿಂದ ರೀಡಿಗೆ ವರ್ಗವಾಯಿತೇ ಹೊರತು ಹೋಗಲಿಲ್ಲ.

ಬ್ಲಾಕಿನ ಒಳಗೆ ಗಾಳಿ ಸುಳಿಯಾಗಿ ಸುತ್ತುವ ಖಾಲಿ ಮೂಲೆಗಳನ್ನು ಪ್ಲಾಸ್ಟಿಕ್ ತುಂಡುಗಳಿಂದ ತುಂಬಿ, ಕಾರ್ಬ್ಯುರೇಟರಿನಿಂದ ಪಟ್ಟಿಯವರೆಗೆ ನುಣುಪಾದ ದಾರಿ ಮಾಡುವುದು ಕಡಿಮೆ ಖರ್ಚಿನಲ್ಲಿ ಫಲ ಕೊಡುವ ಸುಧಾರಣೆ. ಯಮಹಾ 1980ರ ದಶಕದಲ್ಲಿ ಕಾರ್ಬ್ಯುರೇಟರಿಗೂ ರೀಡಿಗೂ ನಡುವೆ ಕೊಳವೆಯ ಮೂಲಕ ಒಂದು ಪುಟ್ಟ ಪ್ಲಾಸ್ಟಿಕ್ ಬಾಟಲಿಯನ್ನು ಜೋಡಿಸಿತು. ಪಟ್ಟಿ ಮುಚ್ಚಿಕೊಂಡಾಗ ನುಗ್ಗಿ ಬರುತ್ತಿದ್ದ ಮಿಶ್ರಣ ಗೋಡೆಗೆ ಬಡಿದು ಹಿಮ್ಮೆಟ್ಟುವ ಬದಲು ಆ ಬಾಟಲಿಯಲ್ಲಿ ಸೇರಿಕೊಂಡು, ಪಟ್ಟಿ ತೆರೆದೊಡನೆ ಒಳಹೋಗುತ್ತದೆ. ಬಾಟಲಿಯ ಗಾತ್ರವೂ ಕೊಳವೆಯ ಉದ್ದವೂ ಒಂದು ನಿರ್ದಿಷ್ಟ ವೇಗದ ಸುತ್ತಲೇ ಕೆಲಸ ಮಾಡುವುದರಿಂದ, ಒಂದು ಎಂಜಿನ್ನಿನ ಬಾಟಲಿಯನ್ನು ಬಿಚ್ಚಿ ಇನ್ನೊಂದಕ್ಕೆ ಸಿಕ್ಕಿಸಿದರೆ ಪ್ರಯೋಜನವಾಗುವ ಭರವಸೆಯಿಲ್ಲ.

ರೀಡ್ ವಾಲ್ವ್ ಡಿಸ್ಕ್ ವಾಲ್ವನ್ನು ಬಹುತೇಕ ಕಡೆಗಳಲ್ಲಿ ಹಿಂದಿಕ್ಕಿದ್ದಕ್ಕೆ ಮುಖ್ಯ ಕಾರಣ ಬೇರೊಂದಿದೆ, ಮತ್ತು ಅದು ಮೊದಲ ನೋಟಕ್ಕೆ ಕಾಣುವುದಿಲ್ಲ. ಚೆನ್ನಾಗಿ ರೂಪಿಸಿದ ಎಕ್ಸ್‌ಪಾನ್ಷನ್ ಚೇಂಬರ್, ಪಿಸ್ಟನ್ ಕೆಳತುದಿಯಲ್ಲಿರುವಾಗ ಸಿಲಿಂಡರಿನಿಂದ ಹೊಗೆಯನ್ನು ಎಷ್ಟು ಬಲವಾಗಿ ಎಳೆಯುತ್ತದೆಂದರೆ, ಆ ಎಳೆತ ತೆರೆದಿರುವ ಟ್ರಾನ್ಸ್‌ಫರ್ ಪೋರ್ಟುಗಳ ಮೂಲಕ ಕ್ರ್ಯಾಂಕ್‌ಕೇಸಿನವರೆಗೂ ತಲುಪಿ ಅಲ್ಲಿನ ಒತ್ತಡವನ್ನು ಹೊರಗಿನದಕ್ಕಿಂತ ಕೆಳಕ್ಕೆ ಇಳಿಸುತ್ತದೆ. ಡಿಸ್ಕ್ ವಾಲ್ವ್ ಆ ಹೊತ್ತಿಗೆ ಮುಚ್ಚಿರುತ್ತದೆ; ರೀಡ್ ಮಾತ್ರ ಕ್ರ್ಯಾಂಕಿನ ಕೋನವನ್ನು ಗಮನಿಸದೆ ಒತ್ತಡವೊಂದಕ್ಕೇ ಸ್ಪಂದಿಸುವುದರಿಂದ ಇನ್ನೊಮ್ಮೆ ತೆರೆದುಕೊಂಡು ಹೆಚ್ಚುವರಿ ಗಾಳಿಯನ್ನು ಬರಮಾಡಿಕೊಳ್ಳುತ್ತದೆ. ರೀಡನ್ನು ಸಿಲಿಂಡರಿನ ಹಿಂದಿನಿಂದ ನೇರವಾಗಿ ಕ್ರ್ಯಾಂಕ್‌ಕೇಸಿಗೆ ಸ್ಥಳಾಂತರಿಸಿದ ಮೇಲೆ ಪಿಸ್ಟನ್ನಿನ ಅಡ್ಡಿಯೂ ಇಲ್ಲವಾಗಿ ಈ ಎರಡನೆಯ ಉಸಿರಿಗೆ ದಾರಿ ಇನ್ನಷ್ಟು ಸಲೀಸಾಯಿತು. 1983ರಲ್ಲಿ ಫ್ರೆಡ್ಡಿ ಸ್ಪೆನ್ಸರ್ 500 ಸಿಸಿ ವಿಶ್ವ ಚಾಂಪಿಯನ್ ಆದದ್ದು ಹೋಂಡಾದ ಮೂರು ಸಿಲಿಂಡರಿನ ರೀಡ್ ವಾಲ್ವ್ ಎಂಜಿನ್ನಿನ ಮೇಲೆ. ನಾಲ್ಕು ಸಿಲಿಂಡರಿನ ಪ್ರತಿಸ್ಪರ್ಧಿಗಳ ಎದುರು ಅದಕ್ಕಿದ್ದ ಅನುಕೂಲಗಳು ಚಿಕ್ಕ ಗಾತ್ರ, ಕಡಿಮೆ ತೂಕ ಹಾಗೂ ಹದವಾದ ಎಳೆತ.

ಇಂಥ ಸುಧಾರಣೆಗಳನ್ನು ಈಗ ಮೊದಲು ಕಂಪ್ಯೂಟರಿನಲ್ಲಿ ಪರೀಕ್ಷಿಸುವುದು ರೂಢಿ. ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಗಾರ್ಡನ್ ಬ್ಲೇರ್ ಮತ್ತು ಅವರ ಸಹೋದ್ಯೋಗಿಗಳು ಕೊಳವೆಗಳಲ್ಲಿ ಓಡಾಡುವ ಒತ್ತಡದ ಅಲೆಗಳನ್ನೂ ರೀಡಿನ ಬಾಗುವಿಕೆಯನ್ನೂ ಒಟ್ಟಿಗೆ ಲೆಕ್ಕ ಹಾಕುವ ವಿಧಾನಗಳನ್ನು ಬೆಳೆಸಿದ ಮೇಲೆ, ಪಟ್ಟಿಯನ್ನು ಕತ್ತರಿಸುವ ಮುನ್ನವೇ ಅದರ ನಡವಳಿಕೆಯನ್ನು ಅಂದಾಜಿಸಲು ಸಾಧ್ಯವಾಯಿತು. ಅಂಥ ಸೌಕರ್ಯವಿಲ್ಲದವರು ರೀಡ್ ಬ್ಲಾಕನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಬಹುದು: ಮುಚ್ಚಿರುವ ಪಟ್ಟಿಯ ಅಂಚಿನಲ್ಲಿ ಬೆಳಕಿನ ಗೆರೆ ಕಂಡರೆ, ಮೂಲೆ ಬಿಳಚಿಕೊಂಡು ನಾರು ಎದ್ದಿದ್ದರೆ, ಹೊಸ ವಿನ್ಯಾಸದ ಮಾತಿಗಿಂತ ಮೊದಲು ಹೊಸ ಪಟ್ಟಿ ಹಾಕಬೇಕು. ವಿನ್ಯಾಸ ಬದಲಿಸುವವರು ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ರೀಡ್, ಕಾರ್ಬ್ಯುರೇಟರ್, ಸೈಲೆನ್ಸರ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಲಾಭ ಯಾವುದರಿಂದ ಬಂತೆಂಬುದು ತಿಳಿಯುವುದಿಲ್ಲ, ನಷ್ಟ ಯಾವುದರಿಂದ ಬಂತೆಂಬುದೂ ತಿಳಿಯುವುದಿಲ್ಲ.

ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೆ ಸಿಂಪಡಿಸುವ ಇತ್ತೀಚಿನ ಟು-ಸ್ಟ್ರೋಕ್ ಎಂಜಿನ್ನುಗಳಲ್ಲಿಯೂ ರೀಡ್ ಉಳಿದುಕೊಂಡಿದೆ, ಆದರೆ ಅದರ ಹೊಣೆ ಹಗುರವಾಗಿದೆ. ಅಲ್ಲಿ ಕ್ರ್ಯಾಂಕ್‌ಕೇಸಿನ ಮೂಲಕ ಹಾದುಹೋಗುವುದು ಗಾಳಿ ಮತ್ತು ಬೇರಿಂಗುಗಳಿಗೆ ಬೇಕಾದಷ್ಟು ಆಯಿಲ್ ಮಾತ್ರ. ಪಟ್ಟಿ ತುಸು ತಡವಾಗಿ ಮುಚ್ಚಿದರೆ ಹಿಂದಿರುಗುವುದು ಗಾಳಿಯೇ ಆದ್ದರಿಂದ ಮಿಶ್ರಣ ಕೆಡುವುದಿಲ್ಲ, ಫಿಲ್ಟರ್ ಪೆಟ್ರೋಲಿನಿಂದ ತೊಯ್ಯುವುದಿಲ್ಲ; ಶಕ್ತಿಯ ನಷ್ಟ ಮಾತ್ರ ಹಿಂದಿನಂತೆಯೇ ಇರುತ್ತದೆ.